ಎರಡನೇ ಮುಖ

ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು: ‘ಕೋಣೆಯಲ್ಲಿ ಎರಡನೇ ಮುಖ ಕಂಡಿದೆ. ಇದು ಎರಡನೇ ಎಚ್ಚರಿಕೆ.’

ಯುಲಿಸಾ ಮ್ಯಾಡ್ರಿಡ್‌ನ ಯಾವಳೋ ಹೆಂಗಸಿಗೆ ಕೆಟ್ಟ ವಾಷಿಂಗ್ ಮೆಷಿನ್ ಬಗ್ಗೆ ಸಮಾಧಾನ ಹೇಳುತ್ತಿದ್ದಳು. ಮಾತು ತಡವರಿಸಿತು. “ಒಂದು ನಿಮಿಷ ಇರಿ” ಎಂದು ಕರೆಯನ್ನು ತಡೆದಳು. ಮೂರನೇ ಎಚ್ಚರಿಕೆ ಬಂದರೆ ಲೈನು ಮುಚ್ಚುತ್ತದೆ, ಕೆಲಸವೂ ಹೋಗುತ್ತದೆ. ಕಾಲಿ ಎಂಬ ನಗರದ ಅಂಚಿನ ಆ ಕೇರಿಯಲ್ಲಿ ತಿಂಗಳ ಸಂಬಳ ಕಾಣುವ ಮನೆಗಳು ನಾಲ್ಕೋ ಐದೋ. ಕೆಲಸದ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬರೇ ಇರಬೇಕೆಂದು ಕಂಪನಿಯವರು ಮೇಜಿಗೆ ಕ್ಯಾಮೆರಾ ಕೂರಿಸಿ, ಅಲುಗಿಸದಂತೆ ಮುದ್ರೆ ಒತ್ತಿ ಹೋಗಿದ್ದರು. ಇವಳ ಮನೆಯಲ್ಲಿ, ಇವಳು ಬಾಡಿಗೆ ಕಟ್ಟುವ ಕೋಣೆಯಲ್ಲಿ.

ಫೋನು ಹೊಡೆದುಕೊಂಡಿತು. ಮೇಲ್ವಿಚಾರಕ ಫಾಬಿಯಾನ್. ಅವಳು ಸ್ಪೀಕರ್ ಹಾಕಿದಳು.

“ಹಿಂದೆ ಯಾರಮ್ಮ ಅದು?”

“ನಮ್ಮಪ್ಪ.”

“ಹೊರಗೆ ಕಳಿಸು.”

“ಮಣ್ಣು ಮಾಡಿ ಆರು ದಿನ ಆಯ್ತು, ಫಾಬಿಯಾನ್. ಅದು ಫೋಟೋ. ಕಂಪನಿ ಕೊಟ್ಟ ರಜೆ ನಿನ್ನೆ ಮುಗೀತು, ಅವರ ಒಂಬತ್ತು ದಿನದ ಪ್ರಾರ್ಥನೆ ಇನ್ನೂ ಮುಗಿದಿಲ್ಲ.”

ಅವಳ ಬೆನ್ನ ಹಿಂದೆ ಬಿಳಿ ಬಟ್ಟೆ ಹಾಸಿದ ಪೀಠ, ಮೇಣದ ಬತ್ತಿ, ಆತ್ಮ ಕುಡಿಯಲೆಂದು ಒಂದು ಲೋಟ ನೀರು. ನಡುವೆ ದೊಡ್ಡ ಚೌಕಟ್ಟಿನಲ್ಲಿ ಅಪ್ಪ ತಿಯೋಫಿಲೊ ಬೀದಿ ಬಾಗಿಲಿನ ಕಡೆ ನೋಡುತ್ತಿದ್ದ.

ಫಾಬಿಯಾನ್ ದನಿ ತಗ್ಗಿತು. “ಗೊತ್ತಿರಲಿಲ್ಲ ಕಣಮ್ಮ. ಆದ್ರೆ ಆ ಯಂತ್ರಕ್ಕೆ ಬದುಕಿದೋರು, ಸತ್ತೋರು ಎಲ್ಲಾ ಒಂದೇ. ಮುಖ ಎಣಿಸುತ್ತೆ ಅಷ್ಟೇ. ಫೋಟೋನ ಗೋಡೆ ಕಡೆ ತಿರುಗಿಸಿಬಿಡು. ಪ್ರಾರ್ಥನೆಗೆ ಜನ ಬರೋ ಹೊತ್ತಿಗೆ ಸರಿ ಮಾಡ್ಕೊ.”

“ತಿರುಗಿಸೋದಾ?” ಕ್ಯಾಮೆರಾ ಕಣ್ಣಿಗೆ ಬೀಳದ ಅಡುಗೆಮನೆ ಬಾಗಿಲಲ್ಲಿ ತಾಯಿ ಎಲ್ಸಿಯಾ ನಿಂತಿದ್ದಳು. ಸಂಜೆ ಬರುವವರಿಗೆ ಕಾಫಿಗಿಟ್ಟ ಪಾತ್ರೆ ಇನ್ನೂ ಕೈಯಲ್ಲೇ ಇತ್ತು. “ಒಂಬತ್ತನೇ ದಿನದವರೆಗೂ ಅವರು ಈ ಮನೇಲೇ ಇರ್ತಾರೆ. ಬೀದಿ ಕಾಣ್ತಾ ಇದ್ರೆ ತಾನೇ ಹೊರಡೋ ದಾರಿ ಗೊತ್ತಾಗೋದು? ಗೋಡೆಗೆ ತಿರುಗಿಸಿದ್ರೆ ಎಲ್ಲಿಗೆ ಹೋಗ್ಬೇಕು, ಇಟ್ಟಿಗೆ ಒಳಕ್ಕಾ?”

“ಅಮ್ಮಾ, ಎರಡು ಗಂಟೆ ಅಷ್ಟೇ.”

“ನಾಳೆ ಎಷ್ಟು ಗಂಟೆ? ನಾಡಿದ್ದು?”

“ದೊಡ್ಡಮ್ಮಾ, ನನ್ನ ಕೈಲಿಲ್ಲ,” ಎಂದಿತು ಫೋನು. “ನನ್ನ ನೆತ್ತಿ ಮೇಲೂ ಒಂದು ಕ್ಯಾಮೆರಾ ಇದೆ.”

“ನಿಮ್ಮಪ್ಪ ಸತ್ತಾಗ ನೀನು ತಿರುಗಿಸಿದ್ಯೇನಪ್ಪ?”

“ನಾನು ಹೋಗೋದಕ್ಕೇ ಆಗಲಿಲ್ಲ.”

ಎಲ್ಸಿಯಾ ಪಾತ್ರೆ ಕೆಳಗಿಟ್ಟಳು. ಫಾಬಿಯಾನ್ ಫೋನು ಇಟ್ಟ.

ಪರದೆ ಮತ್ತೆ ಕೆಂಪಾಯಿತು: ‘ಅರವತ್ತು ಸೆಕೆಂಡಿನೊಳಗೆ ಕೋಣೆಯಲ್ಲಿ ಒಂದೇ ಮುಖ ಉಳಿಯತಕ್ಕದ್ದು.’ ಅಂಕಿ ಇಳಿಯತೊಡಗಿತು.

ಯುಲಿಸಾ ಎದ್ದು ಚೌಕಟ್ಟಿನ ಎರಡೂ ಅಂಚು ಹಿಡಿದಳು. ತಾಯಿ ಬಂದು ತಡೆಯಲಿ ಎಂದು ಕಾದಳು. ತಾಯಿ ಬರಲಿಲ್ಲ.

“ಮಾಡು,” ಎಂದಳು ಎಲ್ಸಿಯಾ, ನಿಂತಲ್ಲಿಂದಲೇ. “ಈ ಮನೆ ಅಕ್ಕಿ ನಿನ್ನ ಸಂಬಳದ್ದು. ನಾನು ಅಡ್ಡ ಬರಲ್ಲ. ಆದ್ರೆ ನಿನ್ನ ಕೈಯಾರೆ ಮಾಡು, ಅವರ ಮುಖ ನೋಡ್ಕೊಂಡು ಮಾಡು.”

ಮೂವತ್ತೊಂದು. ಮೂವತ್ತು. ಚೌಕಟ್ಟು ಒಂದಿಷ್ಟು ವಾಲಿತು. ಯುಲಿಸಾ ಅಪ್ಪನ ಮುಖ ನೋಡಿದಳು. ಮೀನಿನ ದೋಣಿಗಳಲ್ಲಿ ದುಡಿದ ಮನುಷ್ಯ, ಯಾರ ಎದುರಿಗೂ ಬೆನ್ನು ತಿರುಗಿಸಿ ನಿಂತವನಲ್ಲ. ಅವಳು ಚೌಕಟ್ಟನ್ನು ಮೊದಲಿದ್ದಂತೆಯೇ ನೆಟ್ಟಗೆ ನಿಲ್ಲಿಸಿದಳು. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ನಡೆದು ಹೋಗಿ ತಾಯಿಯ ಪಕ್ಕ ನಿಂತಳು.

“ಹೋಯ್ತಮ್ಮ ಕೆಲಸ.”

ಇಬ್ಬರೂ ಮೂರನೇ ಎಚ್ಚರಿಕೆಗೆ ಕಾದರು. ಅಂಕಿ ಹನ್ನೊಂದಕ್ಕೆ ನಿಂತಿತು. ಕೆಂಪು ಪಟ್ಟಿ ಅಳಿಸಿ ಹಸಿರು ಪಟ್ಟಿ ಬಂತು.

‘ಧನ್ಯವಾದ. ಕೋಣೆಯಲ್ಲಿ ಒಬ್ಬರೇ ಇದ್ದೀರಿ. ಕೆಲಸ ಮುಂದುವರಿಸಿ.’

ತಡೆದಿದ್ದ ಕರೆ ತಾನಾಗಿಯೇ ತೆರೆದುಕೊಂಡಿತು. ಮೇಜಿನ ಮೇಲಿನ ಹೆಡ್‌ಫೋನಿನಿಂದ ಮ್ಯಾಡ್ರಿಡ್‌ನ ಹೆಂಗಸು ತಿಯೋಫಿಲೊನನ್ನು ಕೇಳುತ್ತಿದ್ದಳು: “ಹಲೋ? ಅಲ್ಲಿ ಯಾರಾದ್ರೂ ಇದ್ದೀರಾ?”