ಹೆಸರು ಹೇಳದ ಹರಕೆ

"ಮಮ್ಮೀ, ಮೆಷಿನ್ ಕಟ್ ಹುಡುಗರಿಗೆ ಮಾತ್ರ! ನಮಗೆ ತುರುಬು ಕಟ್ಟಿದ್ರೆ ಸಾಕಂತೆ." ಸೇನೆಯಿಂದ ಬಂದ ಪತ್ರ ಓದುತ್ತಾ ಡ್ಯಾಫ್ನಿ ಕೂತಲ್ಲೇ ಕುಣಿದಳು. ಮಗಳ ಸೊಂಟ ಮುಟ್ಟುವ ಜಡೆ ಹೆಣೆಯುತ್ತಿದ್ದ ಉರ್ಸುಲಾಳ ಕೈ ನಿಂತೇಹೋಯಿತು.

ಮಕ್ಕಳಿಬ್ಬರೂ ಸೇನಾ ಭರ್ತಿಗೆ ಹೋದ ದಿನ ಅವಳು ಕುಲಶೇಖರದ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿ, "ವೇಲಾಂಕಣಿ ಮಾತೆ, ಸೆಲೆಕ್ಟ್ ಆದವರ ತಲೆಕೂದಲು ಪೂರ್ತಿ ನಿನಗೆ" ಎಂದು ಹರಕೆ ಹೊತ್ತಿದ್ದಳು. ಮನಸ್ಸಿನಲ್ಲಿದ್ದದ್ದು ಮಗ ಗೇವಿನ್. ಹೇಗೂ ಸೇನೆಯವರು ಬೋಳಿಸುವ ತಲೆ, ಮೊದಲೇ ಮಾತೆಗೆ ಕೊಟ್ಟರೆ ನಷ್ಟವೇನು? ಆದರೆ ಗೇವಿನ್ ಓಟದಲ್ಲೇ ಸೋತ. ಮಗಳು ಗೆಲ್ಲಬಹುದೆಂದು ಅವಳು ಎಣಿಸಿಯೇ ಇರಲಿಲ್ಲ.

"ಹೋಗುವ ಮೊದಲು ವೇಲಾಂಕಣಿಗೆ ಹೋಗಿ ಬರುವ," ಎಂದಳು ಉರ್ಸುಲಾ.

"ಥ್ಯಾಂಕ್ಸ್ ಹೇಳ್ಲಿಕ್ಕಾ?" ಡ್ಯಾಫ್ನಿ ಜಡೆಯನ್ನು ತುರುಬಾಗಿ ಸುತ್ತಿ, ಕನ್ನಡಿಯೊಳಗಿನ ಅಮ್ಮನಿಗೆ ನಗುತ್ತಾ ಸೆಲ್ಯೂಟ್ ಹೊಡೆದಳು.