ಸುಲಭ ಮಾಡಿಕೊಟ್ಟಿದ್ದು

ಹೆಂಡತಿಯ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ಅವನೇ. ಸುಲಭವಾಗಲಿ ಎಂದು ಪರದೆಯ ಮೇಲೆ ಮೂರೇ ಬಟನ್ ಬಿಟ್ಟಿದ್ದ: ಹಾಡು, ಅಡುಗೆ, ಪಂಚಾಂಗ.

"ಮಿಕ್ಕಿದ್ದೆಲ್ಲ ಎಲ್ಲಿ?" ಎಂದು ಅವಳು ಕೇಳಿದ್ದಳು.

"ನಿನಗ್ಯಾಕೆ ಅದೆಲ್ಲ? ಸುಮ್ನೆ ಗೊಂದಲ ಮಾಡ್ಕೋತೀಯ."

ಮಿಕ್ಕಿದ್ದನ್ನು ತೆರೆಯುವ ಪಾಸ್‌ವರ್ಡ್ ಹದಿನೆಂಟು ವರ್ಷ ಅವನ ಹತ್ತಿರವೇ ಇತ್ತು.

ಈಗ ಲಕ್ವ ಹೊಡೆದು ಅವನ ಮಾತು ನಿಂತಿದೆ. ಬಟನ್ ಒತ್ತಿದರೆ ಅವನ ಪರವಾಗಿ ಮಾತಾಡುವ ಟ್ಯಾಬ್ಲೆಟ್ಟೊಂದನ್ನು ಆಸ್ಪತ್ರೆಯವರು ಕೊಟ್ಟರು. ಅದರಲ್ಲಿ ಇನ್ನೂರು ಬಟನ್: ನೋವು, ನೀರು, ಬೇಡ, ಡಾಕ್ಟರನ್ನು ಕರೆಯಿರಿ.

ವಾರದ ನಂತರ ನರ್ಸ್ ಮನೆಗೆ ಬಂದಳು. "ಅಷ್ಟೊಂದು ಬಟನ್ ಇವೆ, ಇವರಿಗೆ ಕಷ್ಟ ಆಗ್ತಿದೆಯಾ?"

"ಇಲ್ಲ, ಸುಲಭ ಮಾಡಿಕೊಟ್ಟಿದ್ದೀನಿ," ಎಂದಳು ಹೆಂಡತಿ.

ನರ್ಸ್ ಪರದೆ ನೋಡಿದಳು. ಎರಡೇ ಬಟನ್ ಉಳಿದಿದ್ದವು: 'ಸರಿ', 'ಥ್ಯಾಂಕ್ಸ್'.