ಸತ್ತ ಗಂಡನ ಅಂಗಿ

ಆಗ್ನೆಸ್ ಸತ್ತ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅಮೆರಿಕದ ಆ ಊರಲ್ಲಿ ಗಂಡಸು ಸತ್ತರೂ ಅವನ ಮತ ಸಾಯುತ್ತಿರಲಿಲ್ಲ. ಚುನಾವಣೆಯ ದಿನ ಅವನ ಅಂಗಿಯನ್ನು ಮತಗಟ್ಟೆಯ ಕುರ್ಚಿಗೆ ತೊಡಿಸಿದರೆ ಸಾಕು, ಬದುಕಿದ್ದಾಗ ಅವನು ಹೇಳುತ್ತಿದ್ದುದನ್ನೇ ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಹೆಂಗಸರಿಗೆ ಮತವಿರಲಿಲ್ಲ. ಅದನ್ನು ಕೊಡಬೇಕೋ ಬೇಡವೋ ಎಂಬುದೇ ಇವತ್ತಿನ ಚುನಾವಣೆಯ ಪ್ರಶ್ನೆ.

“ಬೇಗ ಆಗ್ಲಿ ಅತ್ತಿಗೆ. ‘ಬೇಡ’ ಅನ್ನೋಕೆ ಅಣ್ಣ ಕಾಯ್ತಿದ್ದಾನೆ,” ಎಂದು ಬಾಗಿಲಲ್ಲಿ ನಿಂತಿದ್ದ ಮೈದುನ ವಾಲ್ಟರ್ ನಕ್ಕ.

“ನಿಮ್ಮಣ್ಣ ಕಾಯೋದೇ? ಊಟಕ್ಕೇ ಕಾದವರಲ್ಲ.”

ಅಂಗಿಯನ್ನು ತಡೆಯಲು ಇದ್ದದ್ದು ಒಂದೇ ದಾರಿ. ಗಂಡ ಸತ್ತನೆಂದು ಹೆಂಡತಿ ಸರ್ಕಾರಕ್ಕೆ ಕಾಗದ ಬರೆಯಬೇಕು. ಅದು ಅಂಚೆಗೆ ಬಿದ್ದ ಗಳಿಗೆಯೇ ಅಂಗಿಯ ಮತ ಹೋಗುತ್ತದೆ. ಮನೆಯೂ ಮೈದುನನ ಪಾಲಾಗುತ್ತದೆ. ಗಂಡ ಸತ್ತ ವಾರವೇ ಅವಳು ಬರೆದಿದ್ದ ಕಾಗದ ಇನ್ನೂ ಹಿಟ್ಟಿನ ಡಬ್ಬಿಯ ಹಿಂದೆಯೇ ಇತ್ತು.

ಬೀದಿಯಲ್ಲಿ ಅಂಚೆಯವನ ಗಂಟೆ ಕೇಳಿಸಿತು. ವಾಲ್ಟರ್ ಅಂಗಿಗೆ ಕೈಚಾಚಿದ.

“ತಡಿಯಪ್ಪ, ಇನ್ನೂ ಬಿಸಿಯಿದೆ,” ಎಂದವಳೇ ಆಗ್ನೆಸ್ ಡಬ್ಬಿ ಸರಿಸಿ, ಕಾಗದ ಹಿಡಿದು, ಅವನನ್ನು ದಾಟಿ ಬೀದಿಗಿಳಿದಳು.

“ಅತ್ತಿಗೆ! ನಾಳೆಯಿಂದ ಎಲ್ಲಿರ್ತೀರಿ?”

ಅವಳು ತಿರುಗಿ ನೋಡದೆ ಕಾಗದವನ್ನು ಅಂಚೆಯವನ ಚೀಲಕ್ಕೆ ಹಾಕಿದಳು.

“ನಮ್ಮ ಮನೆಯವರು ತೀರಿಹೋದರು ಕಣಪ್ಪ,” ಎಂದಳು.